ಕರಡು ಮೇಷ್ಟ್ರು ಓದದ ಕಾಗದ

ತೀರಿಕೊಂಡ ಅಮ್ಮನ ಕೂದಲ ಸಿಕ್ಕು ಬಿಡಿಸುತ್ತಿದ್ದ ಮಗಳ ಕೈ ಹಾಗೇ ನಿಂತಿತು. ಬಾಗಿಲಾಚೆ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಮುದ್ರಣಾಲಯದ ಕರಡು ಮೇಷ್ಟ್ರು ನಿಂತಿದ್ದರು.

"ಒಳಗೆ ಬನ್ನಿ ಮೇಷ್ಟ್ರೇ," ಎಂದಳು ಚಿಕ್ಕಮ್ಮ.

"ಇಲ್ಲೇ ಇರ್ತೀನಮ್ಮ. ಮನೇಲಿ ಮೊಮ್ಮಕ್ಕಳಿದಾವೆ."

"ಸತ್ತವಳು ಕೆಮ್ತಾಳೇನ್ರಿ?" ಎಂದಿತು ಪಕ್ಕದ ಮನೆಯ ಅಜ್ಜಿ. ಯಾರೋ ನಗು ನುಂಗಿದರು.

ಮಗಳು ನಗಲಿಲ್ಲ. ಆರು ವರ್ಷ ಹಲ್ಲು ಕಚ್ಚಿ ಕಾದಿದ್ದ ಗಳಿಗೆ ತಾನಾಗಿಯೇ ಹೊಸ್ತಿಲಿಗೆ ಬಂದಿತ್ತು.

*

ಇಪ್ಪತ್ತು ವರ್ಷ ಅಮ್ಮ ಆ ಮೇಷ್ಟ್ರ ಎದುರು ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿದವಳು. ಅವರು ಅದನ್ನು ಕೇಳುತ್ತ ಅಚ್ಚಿನ ಕರಡಿನಲ್ಲಿ ತಪ್ಪು ಹಿಡಿಯುವವರು. ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕಾದ ಕೆಲಸ. ಮನೆಯಲ್ಲೂ ಅದೇ ಚಾಳಿ: "ಕೈ ತೊಳ್ಕೊ ಅಲ್ಪವಿರಾಮ ಊಟಕ್ಕೆ ಬಾ ಪೂರ್ಣವಿರಾಮ!"

ಆಮೇಲೆ ಬಾಯಿ ಒಣಗಿತು, ಕಣ್ಣು ಒಣಗಿತು, ಒಣಕೆಮ್ಮು ಗಂಟುಬಿತ್ತು.

"ಮೈ ಕಾಯೋ ಬಿಳಿ ರಕ್ತಕಣಗಳೇ ತಿರುಗಿಬಿದ್ದಿವೆ. ಎಂಜಲು, ಕಣ್ಣೀರು ಬತ್ತಿಸಿ ಈಗ ಶ್ವಾಸಕೋಶದಲ್ಲಿ ಗುಂಪುಗಟ್ಟಿ ಕೂತಿವೆ," ಎಂದರು ಡಾಕ್ಟರು. "ಅಪರೂಪದ್ದು. ಕ್ಯಾನ್ಸರ್ ಅಲ್ಲ, ಕ್ಷಯ ಅಲ್ಲ, ಯಾರಿಗೂ ಅಂಟಲ್ಲ."

"ಕಾವಲಿನೋರೇ ಮನೆ ಹೊಕ್ಕರು ಅನ್ನಿ," ಎಂದಿದ್ದಳು ಅಮ್ಮ.

ಡಾಕ್ಟರು ಬರೆದುಕೊಟ್ಟ ಕಾಗದವನ್ನು ಅವಳು ಮೇಷ್ಟ್ರ ಮೇಜಿನ ಮೇಲಿಟ್ಟಳು. ಅವರು ಅದನ್ನು ಅಡಿಕೋಲಿನ ತುದಿಯಿಂದ ಹಿಂದಕ್ಕೆ ತಳ್ಳಿದರು. "ಕಾಗದದಿಂದ್ಲೂ ಅಂಟುತ್ತಮ್ಮ. ಮನೇಲಿರು." ಒಂದು ಕೊಂಬು ತಪ್ಪಿದರೂ ಬಿಡದವರು ಆ ಒಂದು ಪುಟ ಓದಲಿಲ್ಲ. ಕ್ಷಯವೆಂಬ ಮಾತು ಅವರ ಬಾಯಿಂದ ಬೀದಿಗೆ ಬಿತ್ತು. ಅಮ್ಮ ಮತ್ತೆ ಯಾರೆದುರೂ ಗಟ್ಟಿಯಾಗಿ ಓದಲಿಲ್ಲ. ದೇವರು ತಡಮಾಡ್ತಾನೆ, ಮರೆಯಲ್ಲ ಎನ್ನುತ್ತಿದ್ದಳು. ಮಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮೊನ್ನೆ ಬಂದ ಸಣ್ಣ ಜ್ವರ ಆ ಬಡ ಶ್ವಾಸಕೋಶಕ್ಕೆ ದೊಡ್ಡದಾಯಿತು.

*

ಮಗಳು ಕಪಾಟಿನಿಂದ ಆ ಕಾಗದ ತಂದು, ಮೇಷ್ಟ್ರ ತೋಳು ಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ತಾನೂ ಕೂತಳು.

"ಓದಿ. ಕರವಸ್ತ್ರ ತೆಗೆದು, ಗಟ್ಟಿಯಾಗಿ. ಚಿಹ್ನೆ ಸಮೇತ."

"ಈಗ ಯಾಕಮ್ಮ ಇದೆಲ್ಲ..."

"ಲೇ, ಸಾವಿನ ಮನೆ ಕಣೇ," ಎಂದಳು ಚಿಕ್ಕಮ್ಮ.

"ಅದಕ್ಕೇ."

ಬೀದಿಗೆ ಬೀದಿಯೇ ಕಿವಿಯಾಗಿತ್ತು. ಮೇಷ್ಟ್ರು ಕನ್ನಡಕ ಏರಿಸಿದರು. "ಈ ರೋಗ ಕ್ಷಯವಲ್ಲ ಅಲ್ಪವಿರಾಮ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಪೂರ್ಣವಿರಾಮ..." ಕಾಗದ ಕೆಳಗಿಳಿಸಿದರು. "ತಪ್ಪಾಯ್ತು ತಾಯಿ."

"ಅದು ಕಾಗದದಲ್ಲಿಲ್ಲ. ಮೊದಲಿಂದ ಓದಿ."

ಅವರು ಓದಿದರು. ಹೊರಗೆ ಗಾಡಿ ಬಂದು ನಿಂತಿತು. ನಾಲ್ವರು ಬಾಗಿ ಅಮ್ಮನಿಗೆ ಹೆಗಲು ಕೊಟ್ಟರು. ಅಜ್ಜಿ ಬಿಕ್ಕಿತು.

"ಏಳೇ, ಅಮ್ಮ ಹೊರಟಳು!" ಚಿಕ್ಕಮ್ಮ ಭುಜ ಹಿಡಿದು ಅಲುಗಿಸಿದಳು. "ಕೊನೇ ಸಲ ಮುಖ ನೋಡೇ!"

"ಮೊದಲಿಂದ," ಎಂದಳು ಮಗಳು, ಮೇಷ್ಟ್ರಿಗೆ.

ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಖಾಲಿಯಾದ ಕೋಣೆಯಲ್ಲಿ ಮುದುಕರು ಕಣ್ಣೊರೆಸಿಕೊಳ್ಳುತ್ತ ಓದುತ್ತಲೇ ಇದ್ದರು. ತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಮಗಳು ಒಂದೊಂದು ಅಕ್ಷರವನ್ನೂ ಕೇಳಿಸಿಕೊಳ್ಳುತ್ತಿದ್ದಳು.