ಕಡಲು ವಾಪಸು ಕೊಟ್ಟ ಕಿವಿ

ನಾನೊಂದು ಶ್ರವಣ ಯಂತ್ರ. ಗಾತ್ರ ಗೋಡಂಬಿಯಷ್ಟು, ಬಣ್ಣ ಯಾರ ಮೈಗೂ ಹೊಂದದ್ದು. ಧೂಳು ಕೂಡ ಅಪ್ಪಣೆ ಕೇಳಿ ಒಳಗೆ ಬರುವಂಥ ಕಾರ್ಖಾನೆಯಲ್ಲಿ ಹುಟ್ಟಿದೆ. ಪರೀಕ್ಷೆಗೆಂದು ಇರುವೆ ನಡೆದಾಡುವ ಸದ್ದು ಕೇಳಿಸಿದರು. ಅದರ ಒಂದು ಕಾಲು ಕುಂಟು ಎಂದು ಹೇಳಿಬಿಟ್ಟೆ. ಪಾಸಾದೆ.

ಅಷ್ಟು ಬುದ್ಧಿವಂತನಾದ ನಾನು ಕೊನೆಗೆ ಸೇರಿದ್ದು ಕುಂದಾಪುರದ ಕಡೆಯ ಮೀನುಗಾರರ ಕೇರಿಯ ಸುಗಂಧಿಯ ಕಿವಿಗೆ. ಆರು ವರ್ಷದ ಹುಡುಗಿ. ಎಳವೆಯಿಂದಲೇ ಅವಳ ಕಿವಿ ಸೋರುತ್ತಿತ್ತಂತೆ. ಅಜ್ಜಿ ಅಕ್ಕಣಿ ಬೆಳ್ಳುಳ್ಳಿ ಎಣ್ಣೆ ಕಾಸಿ ಬಿಟ್ಟದ್ದೇ ಬಿಟ್ಟದ್ದು. "ಕಡಲ್ ಬದಿ ಮಕ್ಕಳ ಕೆಮಿ ಸೋರುದೇ. ತನ್ನಷ್ಟಕ್ಕೇ ಒಣಗತ್ತ್" ಎನ್ನುತ್ತಿದ್ದಳು. ಒಣಗಿತು. ಕಿವಿಯ ಜೊತೆ ಕೇಳುವುದೂ ಒಣಗಿತು.

ಆಸ್ಪತ್ರೆಯಲ್ಲಿ ನನ್ನನ್ನು ತೊಡಿಸಿಕೊಂಡು ಮನೆಗೆ ಬಂದ ಹುಡುಗಿ ಅಂಗಳದಲ್ಲೇ ನಿಂತಳು.

"ಅಮ್ಮ, ಅದೆಂತ ಸದ್ದ್?"

"ಕಡ್ಲ್ ಮಗಾ," ಎಂದಳು ತಾಯಿ ಗುಲಾಬಿ.

"ಇಷ್ಟ್ ದಿನ ಸುಮ್ನೆ ಇದ್ದಿತ್ತಾ?"

ಗುಲಾಬಿ ಮೀನಿನ ಬುಟ್ಟಿ ಕೆಳಗಿಟ್ಟು ಅತ್ತಳು. ನಾನೂ ಅಳುತ್ತಿದ್ದೆ, ನೀರು ಬಿದ್ದರೆ ಕೆಡುತ್ತೇನೆಂದು ತಡೆದುಕೊಂಡೆ.

ಅಕ್ಕಣಿಗೆ ಮಾತ್ರ ಸಮಾಧಾನವಿಲ್ಲ. "ಹೆಣ್ಣಿನ ಕೆಮಿ ತಕಂಡದ್ದ್ ಕಡಲಮ್ಮ. ಈ ಪ್ಲಾಸ್ಟಿಕ್ಕಿನದ್ದ್ ಅವಳಿಗ್ ಕೊಟ್ರೆ ಅಸಲ್ ಕೆಮಿ ವಾಪಾಸ್ ಕೊಡ್ತ್ಲ್."

ನೂಲು ಹುಣ್ಣಿಮೆಯ ಸಮುದ್ರಪೂಜೆ ಬಂತು. ಎಲ್ಲರೂ ಹಾಲೆರೆದರು, ತೆಂಗಿನಕಾಯಿ ಬಿಟ್ಟರು. ಅಕ್ಕಣಿ ಹುಡುಗಿಯ ಕಿವಿಯಿಂದ ನನ್ನನ್ನು ಕಿತ್ತು ಅಲೆಗೆ ಎಸೆದಳು. ಸುಗಂಧಿ ಚೀರಿದ್ದೇ ನಾನು ಕೇಳಿದ ಕೊನೆಯ ಸದ್ದು. ಅದು ಅವಳಿಗೇ ಕೇಳಿಸಲಿಲ್ಲ.

ನಿಮ್ಮ ಕನ್ನಡಕವನ್ನು ಕಡಲಿಗೆ ಹಾಕಿ ಕಣ್ಣು ಕೊಡು ಎನ್ನುತ್ತೀರಾ? ಹಲ್ಲಿನ ಸೆಟ್ಟು ಹಾಕಿ ಹಲ್ಲು ಕೇಳುತ್ತೀರಾ? ಇಲ್ಲವಲ್ಲ! ಕಿವಿಯೆಂದರೆ ಮಾತ್ರ ಎಲ್ಲರೂ ಪಂಡಿತರು. ತಳದಲ್ಲಿ ಬಿದ್ದು ಈ ಮಾತನ್ನು ಮೀನುಗಳಿಗೆಲ್ಲ ಕೂಗಿ ಹೇಳಿದೆ. ಬಂಗುಡೆಗಳು ತಲೆದೂಗಿದವು. ಬೂತಾಯಿ ಮೀನೊಂದು ಮುಂದಿನ ಚುನಾವಣೆಗೆ ನಿಲ್ಲು ಎಂದು ಬಾಲದಲ್ಲೇ ಸನ್ನೆ ಮಾಡಿತು.

ಆಮೇಲೆ ಒಂದು ಏಡಿ ನನ್ನನ್ನು ಕೊಂಬಿನಲ್ಲಿ ಕಚ್ಚಿಕೊಂಡಿತು. ಆ ಏಡಿ ಸಿಕ್ಕಿದ್ದು ಸುಗಂಧಿಯ ಅಪ್ಪ ಶೀನನ ಬಲೆಗೇ. ನಂಬದಿದ್ದರೆ ಏಡಿಯನ್ನೇ ಕೇಳಿ; ಆದರೆ ಅವತ್ತೇ ಸಾರು ಮಾಡಿದರು.

ಅಕ್ಕಣಿ ಕುಣಿದಾಡಿದಳು. ಕೇಳಿಸದಿದ್ದರೂ ತುಟಿ ನೋಡಿ ಮಾತು ತಿಳಿಯುವುದನ್ನು ಸುಗಂಧಿಯಿಂದ ಕಲಿತಿದ್ದೆ. "ಕಂಡ್ರ್ಯಾ? ಕಡಲಮ್ಮನೇ ಆಶೀರ್ವಾದ ಮಾಡಿ ಕಳ್ಸಿದ್ಲ್!" ಕುಂಕುಮ ಹಚ್ಚಿ, ಉಪ್ಪುನೀರು ಕುಡಿದು ಸತ್ತ ನನ್ನನ್ನು ಮತ್ತೆ ಹುಡುಗಿಯ ಕಿವಿಗೆ ಸಿಕ್ಕಿಸಿದಳು. "ಕೇಂತಾ ಹೆಣ್ಣೆ?"

ಅಜ್ಜಿಯ ಮುಖದ ಸಂತೋಷ ನೋಡಿ ಸುಗಂಧಿ ಕೇಳುತ್ತದೆ ಎಂಬಂತೆ ತಲೆಯಾಡಿಸಿದಳು. ಕೇರಿಯವರೆಲ್ಲ ಕೈಮುಗಿದರು. ನನಗೆ ಬಂದ ಸಿಟ್ಟಿಗೆ ಆ ಕುಂಕುಮ ಹೊತ್ತಿ ಉರಿಯಬೇಕಿತ್ತು.

ಗುಲಾಬಿ ಮಾತ್ರ ಹಿಂದೆ ನಿಂತು ಕರೆದಳು. "ಸುಗಂಧಿ." ಹುಡುಗಿ ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದಳು. ಕೇರಿಯ ನಾಯಿಗಳು ತಿರುಗಿದವು.

ಅವಳು ನನ್ನನ್ನು ಬಿಚ್ಚಿ ಅತ್ತೆಯ ಕೈಗಿಟ್ಟಳು. "ಇದನ್ನ್ ನೀವೇ ಪೂಜೆ ಮಾಡಿ. ನಾನ್ ಹೆಣ್ಣನ್ನ್ ಕರ್ಕಂಡ್ ಆಸ್ಪತ್ರೆಗ್ ಹೋತೆ."

"ಕಡಲಮ್ಮ ಸಿಟ್ಟ್ ಮಾಡಿ ಬೈತ್ಲ್, ಕಾಣ್!"

"ಬೈಲಿ. 'ನನ್ನ ಸೊಸಿಗೂ ಕೆಮಿ ಕೇಂತಿಲ್ಲ' ಅಂದ್ ನೀವೇ ಅವಳಿಗ್ ಹೇಳಿ," ಎಂದು ಗುಲಾಬಿ ಮಗಳ ಕೈ ಹಿಡಿದು ಬಸ್ಸಿಗೆ ನಡೆದಳು.

ಈಗ ನಾನು ದೇವರ ಗೂಡಿನಲ್ಲಿದ್ದೇನೆ. ಅಕ್ಕಣಿ ದಿನಾ ಹೂವಿಟ್ಟು ಕಷ್ಟ ಹೇಳಿಕೊಳ್ಳುತ್ತಾಳೆ. ಹೇಳಿಕೊಳ್ಳಲಿ. ನನಗೆ ಒಂದಕ್ಷರವೂ ಕೇಳಿಸುವುದಿಲ್ಲ.