ಅಮ್ಮನ ಧ್ವನಿಯ ಅಲಾರಂ

ನನ್ನ ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಹಗಲೆಲ್ಲ ನಾಲ್ಕು ವರ್ಷದ ಮೊಮ್ಮಗಳು ನನ್ನ ಜೊತೆ. ಮಗು ಅರ್ಧ ಗಂಟೆಗಿಂತ ಹೆಚ್ಚು ಮೊಬೈಲ್ ನೋಡಬಾರದೆಂದು ಸೊಸೆ ಅದರಲ್ಲಿ ತನ್ನದೇ ಧ್ವನಿಯ ಅಲಾರಂ ಇಟ್ಟಿದ್ದಳು: "ಸಾಕು ಕಂದಾ, ಈಗ ಇಟ್ಬಿಡು." ಮೊದಮೊದಲು ಅದನ್ನು ಕೇಳಿದೊಡನೆ ಮಗು ಮೊಬೈಲ್ ಕೆಳಗಿಡುತ್ತಿತ್ತು. ಆಮೇಲೆ ಮಗುವಿನ ಜೊತೆ ನಾನು ಆಡಬೇಕಿತ್ತು. ನನಗೋ ಮಂಡಿನೋವು, ಮಧ್ಯಾಹ್ನದ ಜೊಂಪು. ಪರದೆಯ ಮೇಲೆ ಬೆರಳು ಸರಿಸಿದರೆ ಅಮ್ಮ ಸುಮ್ಮನಾಗುತ್ತಾಳೆಂದು ನಾನೇ ಕಲಿಸಿಕೊಟ್ಟೆ.

ನಿನ್ನೆ ಸೊಸೆ ಕೆಲಸದಿಂದ ಬೇಗ ಬಂದಳು. ಕೈ ತೊಳೆದು, ಮೊಬೈಲ್ ನೋಡುತ್ತಿದ್ದ ಮಗುವಿನೆದುರು ಕುಕ್ಕರಗಾಲಲ್ಲಿ ಕುಳಿತು, "ಸಾಕು ಕಂದಾ, ಈಗ ಇಟ್ಬಿಡು" ಅಂದಳು.

ಮಗು ಕಣ್ಣೆತ್ತದೆ ಕೈ ಚಾಚಿ ಅವಳ ತುಟಿಗಳ ಮೇಲೆ ಬೆರಳು ಸರಿಸಿತು.

"ಇದ್ಯಾವ ಹೊಸ ಆಟ ತಾಯಿ?" ಎಂದು ಸೊಸೆ ನಕ್ಕಳು. "ಅಮ್ಮ ಬಂದಿದ್ದೀನಿ, ನೋಡು ಇಲ್ಲಿ."

ಮಗು ಮತ್ತೆ ಸರಿಸಿತು, ಈ ಸಲ ಒತ್ತಿ. ಸೊಸೆಯ ನಗು ನಿಂತಿತು.

"ನಾನೇ ಕಲಿಸಿದ್ದು ಕಣಮ್ಮಾ. ಅಲಾರಂ ನಿಲ್ಸೋದಕ್ಕೆ," ಅಂದೆ.

ಬಯ್ಯುತ್ತಾಳೆಂದುಕೊಂಡೆ. ಅವಳು ನನ್ನ ಮಂಡಿಯ ಮೇಲೆ ಮೆಲ್ಲಗೆ ಕೈಯಿಟ್ಟಳು. ಅಮ್ಮ ಸುಮ್ಮನಾದದ್ದನ್ನು ಕಂಡು ಮಗು ನೆಮ್ಮದಿಯಾಗಿ ಮೊಬೈಲ್ ನೋಡತೊಡಗಿತು.