ಎರಡನೇ ಬಿತ್ತನೆಯ ಕಾಳು

ಶಾಲೆಯ ಅಡುಗೆಮನೆಯಲ್ಲಿ ಲೊರೇನ್ ಮರದ ಸೌಟಿನಿಂದ ನಾಲ್ಕು ಕಾಳು ಎತ್ತಿ, ಬಾಯಿಯ ಹತ್ತಿರ ತಂದು ಊದಿದಳು. ಸಿಪ್ಪೆ ಮಿಸುಕಲಿಲ್ಲ.

"ಮೂರು ಸಲ ಊದ್ಬೇಕಮ್ಮ," ಎಂದಳು ಪಕ್ಕದಲ್ಲೇ ಸ್ಟೂಲಿನ ಮೇಲೆ ನಿಂತಿದ್ದ ಮಗಳು ಹೇಜಲ್. ಅವಳಿಗೆ ಎಂಟು ವರ್ಷ. "ಅಜ್ಜಿ ಮೂರು ಸಲ ಊದೋಳು."

ಮೂರನೆಯ ಉಸಿರಿಗೆ ಒಂದು ಕಾಳಿನ ಸಿಪ್ಪೆ ಬಿರಿದು ಹಿಂದಕ್ಕೆ ಸುರುಳಿಯಾಯಿತು. ಒಲೆಯ ಮೇಲೆ ಬೆಂದದ್ದು ಸಾಕು ಎನ್ನುವುದಕ್ಕೆ ಅದೇ ಗುರುತು. ಮಿಕ್ಕದ್ದನ್ನು ನೆಲದೊಳಗಿನ ಕೆಂಡ ನೋಡಿಕೊಳ್ಳುತ್ತದೆ. ಲೊರೇನಳಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅಮ್ಮ ಆಲ್ಮಾ ಇಲ್ಲದ ಮೊದಲ ವರ್ಷದ ಊಟ ಇದು. ಉಪ್ಪು ಹೆಚ್ಚಾದರೂ ಊರು ನಾಳೆ ಆಲ್ಮಾಳ ಹೆಸರನ್ನೇ ಎತ್ತುತ್ತದೆ, ಕಡಿಮೆಯಾದರೂ ಅವಳ ಹೆಸರನ್ನೇ ಎತ್ತುತ್ತದೆ.

ಬಾರ್ಲೋ ಮಿಲ್ಸ್ ಊರಿನ ಶಾಲೆಯ ಪೋಷಕರ ಸಂಘ ಅಕ್ಟೋಬರಿನ ಮೊದಲ ಶನಿವಾರ ಹಾಕುವ ಈ ಊಟ ಶುರುವಾದದ್ದು ಲೊರೇನ್ ಎರಡನೇ ತರಗತಿಯಲ್ಲಿದ್ದಾಗ. ಆ ವರ್ಷ ಶಾಲಾ ಮಂಡಳಿಯವರು ಅಡುಗೆ-ತೋಟದ ತರಗತಿಗೆ ಕತ್ತರಿ ಹಾಕಿದ್ದರು. ತಿನ್ನುವುದನ್ನು ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ, ಅದಕ್ಕೊಬ್ಬ ಟೀಚರ್ ಯಾಕೆ ಎಂದು ಅವರ ವಾದ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಆಲ್ಮಾ ಎದ್ದು ನಿಂತು, "ಟೀಚರ್ ಸಂಬಳ ನಾವು ಕೊಡ್ತೀವಿ, ನೀವು ಬಂದು ಊಟ ಮಾಡಿ," ಎಂದಳಂತೆ. ಅಂದಿನಿಂದ ಶಾಲೆಯ ಹಿಂದೆ ಗುಂಡಿ ತೋಡುವುದು ಅವಳ ತಮ್ಮ ವರ್ನ್, ಹಂಡೆ ತುಂಬುವುದು ಆಲ್ಮಾ. ಕೋಸಂಬರಿಯಂತೆ ಹೆಚ್ಚಿದ ಎಲೆಕೋಸು, ಡಬ್ಬಿಯಲ್ಲಿ ಹಬೆಗಿಟ್ಟ ಕಪ್ಪು ಬ್ರೆಡ್ಡು, ಸೇಬಿನ ಪೈ, ಇವೆಲ್ಲ ಮಿಕ್ಕ ತಾಯಿ ತಂದೆಯರ ಪಾಲು.

ಹಂಡೆಗಳು ಏಳು. ಆರಕ್ಕೆ ಬೇಕಾದ ಕಾಳು ಊರಾಚೆಯ ಹೊಲದಿಂದ ಬರುತ್ತದೆ. ಏಳನೆಯದು ಮಕ್ಕಳ ಹಂಡೆ. ಅದಕ್ಕೆ ಹಾಕುವುದು ಶಾಲೆಯ ತೋಟದಲ್ಲಿ ಮಕ್ಕಳೇ ಬಿತ್ತಿ, ಮಕ್ಕಳೇ ಬಡಿದು ತೆಗೆದ ಕಾಳು. ಬಿಳಿಯ ಕಾಳು, ಮೊಳಕೆಯೊಡೆಯುವ ಜಾಗದಲ್ಲಿ ಒಂದು ಕೆಂಪು ಮಚ್ಚೆ. ಮಕ್ಕಳು ಅದನ್ನು ಕೆಂಪುಗಣ್ಣು ಅನ್ನುತ್ತಾರೆ. ಯಾರೋ ಯಾವ ಕಾಲದಲ್ಲೋ ತಂದುಕೊಟ್ಟ ತಳಿ ಅದು, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಊಟದ ದಿನ ಆ ಹಂಡೆಯ ಪಕ್ಕದಲ್ಲಿ ಒಂದು ಪುಟ್ಟ ರಬ್ಬರ್ ಬೂಟು ಇಟ್ಟಿರುತ್ತಾರೆ. ಮಕ್ಕಳ ಕೈಯಿಂದ ಒಂದು ಸೌಟು ಹಾಕಿಸಿಕೊಂಡವರು ಮನಸ್ಸಿಗೆ ಬಂದಷ್ಟು ದುಡ್ಡು ಆ ಬೂಟಿನೊಳಗೆ ಹಾಕಬೇಕು. ತರಗತಿ ಇಷ್ಟು ವರ್ಷ ನಡೆದದ್ದು ಹೆಚ್ಚುಕಮ್ಮಿ ಆ ಬೂಟಿನಿಂದಲೇ.

ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ಗುಂಡಿಯಲ್ಲಿ ಮೇಪಲ್ ಸೌದೆ ಉರಿದು ಕೆಂಡವಾಗಿತ್ತು. ವರ್ನ್ ಸಲಿಕೆಯಿಂದ ಕೆಂಡ ಸರಿಸಿ ಜಾಗ ಮಾಡಿದ. ಲೊರೇನ್ ಪ್ರತಿ ಹಂಡೆಗೂ ಈರುಳ್ಳಿ, ಉಪ್ಪು ಹಾಕಿದ ಹಂದಿಮಾಂಸದ ತುಂಡು, ಸಾಸಿವೆ ಹಾಕಿ, ಮೇಲೆ ಕಾಕಂಬಿ ಸುರಿದಳು. ಮಕ್ಕಳ ಹಂಡೆಯನ್ನು ಕೊನೆಗೆ ಇಳಿಸಿದರು.

"ಭರ್ತಿ ತುಂಬಿದೀಯಲ್ಲೇ," ಎಂದ ವರ್ನ್, ಹಿಡಿಕೆ ಹಿಡಿದು ತೂಕ ನೋಡುತ್ತಾ. "ನಿಮ್ಮಮ್ಮನ ಕಾಲದಲ್ಲಿ ಇಷ್ಟು ಭಾರ ಇರ್ತಿರ್ಲಿಲ್ಲ. ನನಗೆ ವಯಸ್ಸಾಯ್ತೋ, ನಿನ್ನ ಕೈ ದೊಡ್ಡದೋ."

"ವಯಸ್ಸೇ ಆಗಿರೋದು ಮಾವ," ಎಂದು ಲೊರೇನ್ ನಕ್ಕಳು.

ಹಂಡೆಗಳು ರಾತ್ರಿಯೆಲ್ಲ ಬೇಯಲೆಂದು ಗುಂಡಿಗೆ ಮಣ್ಣು ಬಿತ್ತು. ಅಡುಗೆ-ತೋಟದ ಟಿಬೆಟ್ಸ್ ಟೀಚರ್ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳ ಕೈಯಲ್ಲೊಂದು ಗಾಜಿನ ಜಾಡಿ ಇತ್ತು.

"ಲೊರೇನ್, ಬೀಜಕ್ಕೆ ತೆಗೆದಿಟ್ಟಿದೀಯಲ್ಲ, ಅದನ್ನ ಇದಕ್ಕೆ ಹಾಕಿಕೊಡು. ನಾಳೆ ಮೇಜಿನ ಮೇಲೆ ಇಡೋಣ ಅಂತ. ಬಂದವರಿಗೂ ಗೊತ್ತಾಗ್ಲಿ, ಮುಂದಿನ ವರ್ಷಕ್ಕೆ ಏನಿದೆ ಅಂತ."

"ಯಾವ ಬೀಜ?"

"ಕೆಂಪುಗಣ್ಣು ಕಣೇ. ನಮ್ಮ ತೋಟದ್ದು."

ಕೆಂಪುಗಣ್ಣಿದ್ದ ನೀಲಿ ಡಬ್ಬಿಯನ್ನು ಗುರುವಾರ ಲೊರೇನ್ ತಾನೇ ನೀರಿನ ಬೋಗುಣಿಗೆ ಬಗ್ಗಿಸಿದ್ದಳು. ಬಗ್ಗಿಸಿದ್ದಷ್ಟೇ ಅಲ್ಲ, ತಳಕ್ಕೆ ಎರಡು ಸಲ ತಟ್ಟಿದ್ದಳು, ಅಮ್ಮನಂತೆಯೇ. ಏಳು ವರ್ಷದವಳಿದ್ದಾಗ ಶಾಲೆಯ ಇದೇ ಅಡುಗೆಮನೆಯ ನೆಲದ ಮೇಲೆ ಕೂತು ಅವಳು ಅದನ್ನು ನೋಡಿದ್ದಳು. ಅಮ್ಮ ಸ್ಟೂಲು ಹತ್ತಿ ಡಬ್ಬಿ ಇಳಿಸುವುದು, ಕಾಳು ಮಳೆಯಂತೆ ಸದ್ದು ಮಾಡುತ್ತಾ ಬೀಳುವುದು, ಕೊನೆಗೆ ಟಪ್ ಟಪ್ ಎಂದು ಎರಡು ಏಟು, "ಮುಗೀತು ನೋಡ್ರಪ್ಪ" ಎಂದು ಅಮ್ಮ ಖಾಲಿ ಡಬ್ಬಿಯನ್ನು ಮಕ್ಕಳ ಮುಖಕ್ಕೆ ಹಿಡಿಯುವುದು. ಆ ಸದ್ದು ಇನ್ನೊಮ್ಮೆ ಕಿವಿಗೆ ಬೀಳಲಿ ಎಂದೇ ಗುರುವಾರ ಅವಳು ತಟ್ಟಿದ್ದು. ಗುಟ್ಟಾಗಿ ಎರಡು ಹನಿ ಕಣ್ಣೀರನ್ನೂ ಹಾಕಿದ್ದಳು.

"ಅಮ್ಮ ಪೂರ್ತಿ ಸುರೀತಿದ್ಲು ಟೀಚರ್. ನಾನು ಕಣ್ಣಾರೆ ನೋಡಿದೀನಿ."

ಟಿಬೆಟ್ಸ್ ಟೀಚರ್ ಜಾಡಿಯನ್ನು ಮೆಲ್ಲಗೆ ಕೆಳಗಿಟ್ಟಳು. "ಸುರೀತಿದ್ರು. ಆದ್ರೆ ಸೆಪ್ಟೆಂಬರ್‌ನಲ್ಲಿ ಕಾಳು ಬಡಿಯೋ ದಿನವೇ ಬೀಜಕ್ಕೆ ಅಂತ ಆರಿಸಿ ಮನೆಗೆ ಒಯ್ತಿದ್ರು. ಡಬ್ಬಿಗೆ ಹೋಗ್ತಿದ್ದದ್ದು ಮಿಕ್ಕಿದ್ದು. ಈ ಸಲ ಅದನ್ನ ನೀನು ಮಾಡಿರ್ತೀಯ ಅಂದ್ಕೊಂಡೆ."

"ಈ ಸಲ ಬಡಿಯೋ ಹೊತ್ತಿಗೆ ಅಮ್ಮ ಇರ್ಲಿಲ್ಲ," ಎಂದಳು ಲೊರೇನ್. ಆಗಸ್ಟಿನ ಒಂದು ಮಧ್ಯಾಹ್ನ ಜೋಳದ ತೆನೆ ಸುಲಿಯುತ್ತಾ ಕೂತಲ್ಲೇ ಆಲ್ಮಾ ಹೋಗಿಬಿಟ್ಟಿದ್ದಳು. ಬೀಜದ ಕೆಲಸವನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಆಲ್ಮಾ ಇರುವವರೆಗೆ ಬರೆದಿಡುವ ಅಗತ್ಯವೂ ಯಾರಿಗೂ ಕಂಡಿರಲಿಲ್ಲ.

ಇಬ್ಬರೂ ಗುಂಡಿಯ ಕಡೆ ನೋಡಿದರು. ಮಣ್ಣಿನ ಸಂದಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಬೆಂದ ಕಾಳು ಇನ್ನು ಮೊಳೆಯುವುದುಂಟೇ.

"ನಾಳೆ ಊಟ ಮುಗೀಲಿ," ಎಂದಳು ಟೀಚರ್. ಅವಳು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಲೊರೇನಳಿಗೆ.

ಶನಿವಾರ ಮಧ್ಯಾಹ್ನದಿಂದಲೇ ಜನ ಬಂದರು. ಹಿಂದಿನ ವರ್ಷಕ್ಕಿಂತ ಹೆಚ್ಚು ಬಂದರು. ಆಲ್ಮಾ ಇಲ್ಲವಲ್ಲ, ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಪಕ್ಕದ ಊರಿನವರೂ ಬಂದರು. ವರ್ನ್ ಮಣ್ಣು ಸರಿಸಿ ಹಂಡೆಗಳನ್ನು ಎತ್ತಿದಾಗ ಕಾಕಂಬಿಯ ವಾಸನೆ ಆಟದ ಮೈದಾನ ದಾಟಿ ರಸ್ತೆಯವರೆಗೂ ಹೋಯಿತು. ಮಕ್ಕಳ ಹಂಡೆಯ ಮುಂದೆ ಸಾಲು ಬೆಳೆಯಿತು. ಹೇಜಲ್ ಮತ್ತು ಅವಳ ತರಗತಿಯವರು ಮೂಗಿನ ತುದಿಗೆ ಬೆವರು ಬರುವಷ್ಟು ಗಂಭೀರವಾಗಿ ಬಡಿಸುತ್ತಿದ್ದರು.

"ಇಷ್ಟು ಚೆನ್ನಾಗಿ ಯಾವ ವರ್ಷವೂ ಆಗಿರ್ಲಿಲ್ಲ ಬಿಡು," ಎಂದು ಅಂಚೆ ಕಚೇರಿಯ ಮುದುಕನೊಬ್ಬ ಎರಡನೇ ಸಲ ಬಟ್ಟಲು ಹಿಡಿದು ಬಂದ. "ಆಲ್ಮಾ ಕೇಳಿಸ್ಕೊಂಡ್ರೆ ನನ್ನ ಬಿಡ್ತಿರ್ಲಿಲ್ಲ. ಆದ್ರೂ ಹೇಳ್ತೀನಿ, ನಿನ್ನದೇ ಮೇಲು."

ಲೊರೇನಳಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. ಊರಿಗೆ ಊರೇ ಕೂತು ಮುಂದಿನ ವರ್ಷದ ಬಿತ್ತನೆಯನ್ನು ಚಪ್ಪರಿಸುತ್ತಿತ್ತು. ಬೂಟು ತುಂಬುತ್ತಿತ್ತು. ತರಗತಿಗೆ ಟೀಚರ್ ಇರುತ್ತಾಳೆ, ಮಣ್ಣು ಇರುತ್ತದೆ, ಮಕ್ಕಳು ಇರುತ್ತಾರೆ. ಪೆನ್ಸಿಲಿನ ಹಿಂಬದಿಯಿಂದ ತೂತು ಮಾಡಿ ಕೆಂಪುಗಣ್ಣನ್ನು ಅದರೊಳಗೆ ಇಳಿಸಲು ಕಾಳು ಮಾತ್ರ ಇರುವುದಿಲ್ಲ. ತಾನೂ ಹಾಗೇ ಇಳಿಸಿದ್ದಳು, ಎರಡನೇ ತರಗತಿಯಲ್ಲಿ. ಮೊಳಕೆ ಬಂದಿದೆಯೋ ಎಂದು ದಿನವೂ ಮಣ್ಣು ಕೆದಕಿ ನೋಡಿ ಅಮ್ಮನ ಕೈಯಲ್ಲಿ ಬೈಸಿಕೊಂಡಿದ್ದಳು.

ಜನ ಪೈಗಳ ಕಡೆ ಸರಿದಾಗ ಅವಳು ವರ್ನ್‌ನ ಪಕ್ಕ ಹೋಗಿ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಹೇಜಲ್ ಎದುರಿಗೇ ಸೌಟು ನೆಕ್ಕುತ್ತಾ ಕೂತಿದ್ದಳು.

ವರ್ನ್ ಬಟ್ಟಲಿನ ತಳವನ್ನು ಬ್ರೆಡ್ಡಿನಿಂದ ಒರೆಸಿದ. "ಅದಕ್ಕೇ ಹಂಡೆ ಭಾರ ಇತ್ತು," ಎಂದ.

"ಏನಾದ್ರೂ ಹೇಳು ಮಾವ."

"ನಿಮ್ಮಮ್ಮ ಜೂನ್ ತಿಂಗಳನ್ನ ಯಾವತ್ತಾದ್ರೂ ನಂಬಿದ್ಲೇನೇ?"

"ಜೂನ್‌ಗೇನು ಮಾವ?"

"ಮೇ ಕೊನೆಗೆ ಮಕ್ಕಳ ಕೈಲಿ ಬಿತ್ತಿಸೋಳು. ಆದ್ರೆ ಬೀಜವನ್ನೆಲ್ಲ ಕೊಡ್ತಿರ್ಲಿಲ್ಲ. ಜೂನ್‌ನಲ್ಲಿ ಹಿಮ ಬಿದ್ದು ಪೈರು ಕರಟಿಹೋದ್ರೆ ಎರಡನೇ ಸಲ ಬಿತ್ತೋಕೆ ಅಂತ ಒಂದಷ್ಟು ಹಿಡಿದಿಟ್ಕೊಳ್ಳೋಳು. ಜುಲೈ ನಾಲ್ಕರ ಹಬ್ಬ ಕಳೆದ ಮೇಲೆ, ಇನ್ನು ಹೆದರಿಕೆ ಇಲ್ಲ ಅಂತ, ಅದನ್ನ ಸೂಪಿಗೆ ಹಾಕೋಳು. ನನ್ನ ಕರೆದು ಕೊಡ್ತಿದ್ಲಲ್ಲ, ಆ ಸೂಪು. ಈ ವರ್ಷ ಕರೀಲೇ ಇಲ್ಲ."

ಈ ವರ್ಷ ಜುಲೈನಲ್ಲಿ ಅಮ್ಮ ಸೂಪು ಮಾಡಿರಲಿಲ್ಲ. ಸುಸ್ತು ಎನ್ನುತ್ತಿದ್ದಳು. ಹಬ್ಬದ ದಿನವೂ ಅಂಗಡಿಯಿಂದ ತಂದ ಡಬ್ಬಿಯ ಸೂಪನ್ನೇ ಬಿಸಿ ಮಾಡಿ ಕುಡಿದು ಮಲಗಿದ್ದಳು.

"ಹಾಗಾದ್ರೆ ಎಲ್ಲಿಟ್ಟಿರ್ತಾಳೆ ಮಾವ? ಕಪಾಟು, ನೆಲಮಾಳಿಗೆ, ಎಲ್ಲಾ ನಾನೇ ಖಾಲಿ ಮಾಡಿದೆ. ಒಂದೂ ಕಾಳು ಕಾಣಲಿಲ್ಲ."

ಹೇಜಲ್ ಸೌಟು ನೆಕ್ಕುವುದನ್ನು ನಿಲ್ಲಿಸಿದ್ದಳು. ಅವಳ ಕಿವಿ ಕೆಂಪಾಗಿತ್ತು.

"ನಾನು ಪಿನ್ನು ಬಿಚ್ಚಿಲ್ಲಮ್ಮ," ಎಂದಳು.

"ಯಾವ ಪಿನ್ನು?"

"ಅಜ್ಜಿ ಏಪ್ರನ್ ಜೇಬಿಂದು. ನೀನು ಮುಟ್ಟಬೇಡ ಅಂದಿದ್ಯಲ್ಲ, ಬಿಚ್ಚಿಲ್ಲ. ಹೊರಗಿಂದ ಮುಟ್ಟಿದ್ದು ಅಷ್ಟೆ. ದಿನಾ ಶಾಲೆಯಿಂದ ಬಂದ ಮೇಲೆ ಒಂದೇ ಒಂದು ಸಲ. ಗಲಗಲ ಅನ್ನುತ್ತೆ."

ಮನೆ ಶಾಲೆಯಿಂದ ಎರಡು ರಸ್ತೆ ಆಚೆ. ಲೊರೇನ್ ಓಡಲಿಲ್ಲ, ಓಡಿದರೆ ಜನ ಕೇಳುತ್ತಾರೆಂದು ಬಿರುಸಾಗಿ ನಡೆದಳು. ಗಂಡನಿಂದ ಬೇರೆಯಾಗಿ ಮಗಳನ್ನು ಕರೆದುಕೊಂಡು ಅಮ್ಮನ ಈ ಮನೆಗೆ ಬಂದು ನಾಲ್ಕು ವರ್ಷ. ಉಗ್ರಾಣದ ಬಾಗಿಲ ಹಿಂದಿನ ಮೊಳೆಗೆ ಶಾಲೆಯ ಏಪ್ರನ್ ನೇತಾಡುತ್ತಿತ್ತು, ನೀಲಿ ಗೆರೆಯದು. ಅಮ್ಮ ಮನೆಗೊಂದು, ಶಾಲೆಗೊಂದು ಏಪ್ರನ್ ಇಟ್ಟುಕೊಂಡಿದ್ದಳು. ಉಳಿದ ಬಟ್ಟೆಯನ್ನೆಲ್ಲ ಒಗೆದು, ಮಡಿಸಿ, ಚರ್ಚಿಗೆ ಕೊಟ್ಟಿದ್ದ ಲೊರೇನ್ ಇದೊಂದನ್ನು ಮುಟ್ಟಿರಲಿಲ್ಲ. ಇದರಲ್ಲಿ ಇನ್ನೂ ಅಮ್ಮನ ವಾಸನೆ ಇತ್ತು. ಮಣ್ಣು, ಈರುಳ್ಳಿ, ಕೈಗೆ ಹಚ್ಚಿಕೊಳ್ಳುತ್ತಿದ್ದ ಮುಲಾಮು. ಹತ್ತಿರ ಹೋಗಿ ಮೂಸಿದರೆ ತೀರಿಹೋಗುತ್ತದೇನೋ ಎಂಬ ಹೆದರಿಕೆಯಿಂದ ಅವಳು ಬಾಗಿಲು ತೆಗೆಯುವಾಗ ಉಸಿರನ್ನೂ ಸಣ್ಣಗೆ ಎಳೆದುಕೊಳ್ಳುತ್ತಿದ್ದಳು. ಹೇಜಲ್‌ಗೂ ಮುಟ್ಟಬೇಡ ಎಂದು ಗದರಿದ್ದಳು. ಆ ಹೆದರಿಕೆ ಆ ಮಗುವಿಗೂ ಇದ್ದಿರಬಹುದು ಎಂದು ಅವಳಿಗೆ ಹೊಳೆದಿರಲೇ ಇಲ್ಲ.

ಜೇಬಿನ ಬಾಯಿಗೆ ದೊಡ್ಡ ಪಿನ್ನು ಹಾಕಿತ್ತು. ಬಿಚ್ಚಿ ಕೈ ಹಾಕಿದಳು. ತಣ್ಣಗಿನ, ನುಣ್ಣಗಿನ ಕಾಳು. ಒಂದು ಹಿಡಿಗೆ ಸ್ವಲ್ಪ ಹೆಚ್ಚು. ಜೊತೆಗೆ ಮುದುರಿದ ಕರವಸ್ತ್ರ ಒಂದು, ಕೆಮ್ಮಿನ ಮಾತ್ರೆ ಒಂದು. ಲೊರೇನ್ ಏಪ್ರನ್ನನ್ನು ಮುಖಕ್ಕೆ ಒತ್ತಿಕೊಂಡು ಉಗ್ರಾಣದ ನೆಲದ ಮೇಲೆ ಕೂತುಬಿಟ್ಟಳು. ಎರಡು ತಿಂಗಳಿಂದ ಜನರ ಮುಂದೆ ನಗುತ್ತಾ ಓಡಾಡಿದ್ದವಳು ಆಗ ಸದ್ದು ಮಾಡಿ ಅತ್ತಳು. ಅಮ್ಮ ಬೇಕು ಎಂದು ಅತ್ತಳು, ನಲವತ್ತೊಂದು ವರ್ಷದವಳು.

ಕೈಯಲ್ಲಿ ಹಿಡಿದರೆ ಚೆಲ್ಲುತ್ತದೆಂದು ಏಪ್ರನ್ನನ್ನೇ ಕಟ್ಟಿಕೊಂಡು ಶಾಲೆಗೆ ಹೋದಳು. ಟಿಬೆಟ್ಸ್ ಟೀಚರ್ ಜೇಬಿನೊಳಗೆ ಇಣುಕಿ ನೋಡಿ ಜಾಡಿ ತಂದು ಮುಚ್ಚಳ ತೆಗೆದಳು. ಮಕ್ಕಳು ಸುತ್ತ ನಿಂತರು. ಹುಳು ಹಿಡಿದದ್ದನ್ನು, ಒಡೆದದ್ದನ್ನು ಹೇಜಲ್ ಆರಿಸಿ ತೆಗೆದಳು. ಉಳಿದದ್ದು ಜಾಡಿಯ ತಳವನ್ನು ಮುಚ್ಚುವಷ್ಟಾಯಿತು.

"ಒಂದು ಮಡಿಗೂ ಸಾಲದು," ಎಂದಳು ಲೊರೇನ್.

"ಬರೋ ವರ್ಷ ಮಕ್ಕಳ ಹಂಡೆ ಇರಲ್ಲ," ಎಂದಳು ಟೀಚರ್. "ಬೆಳೆದಿದ್ದೆಲ್ಲ ಬೀಜಕ್ಕೇ. ಬೂಟು ಮಾತ್ರ ಇಡೋಣ. ಯಾಕೆ ಹಂಡೆ ಇಲ್ಲ ಅಂತ ಕೇಳಿದವರಿಗೆಲ್ಲ ನೀನೇ ನಿಂತು ಹೇಳ್ಬೇಕು."

"ಹೇಳ್ತೀನಿ."

"ಅದರ ಆಚೆ ವರ್ಷಕ್ಕೆ ನಾನಿದ್ರೆ ಒಂದು ಸೌಟು ನನಗೆ ಇಡ್ರಪ್ಪ," ಎಂದ ವರ್ನ್ ಹಿಂದಿನಿಂದ.

ಟೀಚರ್ ಮುಚ್ಚಳ ಹಾಕುವ ಮುಂಚೆ ಲೊರೇನ್ ಜಾಡಿಯೊಳಗೆ ಕೈ ಹಾಕಿ ಒಂದು ಚಿಟಿಕೆಯಷ್ಟು ಕಾಳು ವಾಪಸು ತೆಗೆದುಕೊಂಡಳು.

ಆ ಸಂಜೆ ಏಳು ಹಂಡೆ ತೊಳೆಯುವಷ್ಟರಲ್ಲಿ ಏಪ್ರನ್ನಿಗೆ ಕಾಕಂಬಿ ಮೆತ್ತಿತು, ಮಸಿ ಹತ್ತಿತು, ಪೈ ತಂದ ಯಾರದೋ ಮಗು ಬಂದು ಮೂಗು ಒರೆಸಿತು. ಭಾನುವಾರ ಒಗೆಯದೆ ಬೇರೆ ದಾರಿ ಇರಲಿಲ್ಲ. ಲೊರೇನ್ ಎರಡು ಸಲ ಸೋಪು ಹಾಕಿ ಉಜ್ಜಿ, ಜೇಬನ್ನು ಹೊರಮುಖ ಮಾಡಿ, ಹಿತ್ತಿಲ ಹಗ್ಗದ ಮೇಲೆ ಒಣಗಹಾಕಿದಳು. ಒಣಗಿದ ಮೇಲೆ ಅದರಲ್ಲಿ ಸೋಪಿನ ವಾಸನೆ, ಗಾಳಿಯ ವಾಸನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಇಸ್ತ್ರಿ ಮಾಡಿ, ಜೇಬಿನ ಬಾಯಿಗೆ ಮತ್ತೆ ಪಿನ್ನು ಹಾಕಿ, ಅದೇ ಮೊಳೆಗೆ ತಗುಲಿಹಾಕಿದಳು.

ಸೋಮವಾರ ಹೇಜಲ್ ಶಾಲೆಯಿಂದ ಬಂದು, ಬೆನ್ನಿನ ಚೀಲವನ್ನೂ ಇಳಿಸದೆ, ಉಗ್ರಾಣದ ಬಾಗಿಲ ಹಿಂದೆ ಹೋದಳು. ಲೊರೇನ್ ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಗಲಗಲ ಅಂದಿತು, ಸಣ್ಣಗೆ, ಒಂದೇ ಒಂದು ಸಲ. ಹೇಜಲ್ ಹೊರಗೆ ಬಂದು ತಿನ್ನಲು ಏನಿದೆ ಎಂದು ಕೇಳಿದಳು.